ಗಾಮಾ ಕಿರಣ ಸ್ಫೋಟಗಳ ಉಳಿಬೆಳಕಿಗೆ ಮಾದರಿ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಭೌತಶಾಸ್ತ್ರದ ಸ್ನಾತಕೋತ್ತರ ಓದಿನಲ್ಲಿರುವವರು ಈ ವಿಷಯವನ್ನು ಪ್ರಾಜೆಕ್ಟಿಗೆ ಆರಿಸಿಕೊಂಡಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಪದವಿ ಮಟ್ಟದ ವಿದ್ಯುತ್ಕಾಂತತ್ವ, ವಿಶೇಷ ಸಾಪೇಕ್ಷತಾ ಸಿದ್ಧಾಂತ ಮತ್ತು ಲಾಗರಿದಮ್ಮುಗಳ ಪರಿಚಯವಿದ್ದವರು ಇದನ್ನು ಓದಿಕೊಳ್ಳಬಹುದು. ಸೂತ್ರಗಳನ್ನು ಆದಷ್ಟು ಮಾತಿನಲ್ಲಿಯೇ ಹೇಳಿದ್ದೇನೆ. ಅವನ್ನು ಹಾಳೆಯ ಮೇಲೆ ಬರೆದುಕೊಂಡು ಓದಿದರೆ ಹೆಚ್ಚು ಪ್ರಯೋಜನವಾಗುತ್ತದೆ.

ಉಳಿಬೆಳಕು ಎಂದರೆ ಏನು? ಸ್ಫೋಟಕ್ಕೂ ಅದಕ್ಕೂ ಇರುವ ಸಂಬಂಧವೇನು?

ಗಾಮಾ ಕಿರಣ ಸ್ಫೋಟವು ಒಂದು ಸೆಕೆಂಡಿನ ಅಲ್ಪ ಭಾಗದಿಂದ ಹಿಡಿದು ಕೆಲವು ನಿಮಿಷಗಳವರೆಗೆ ಇರುತ್ತದೆ. ಸುಮಾರು 2 ಸೆಕೆಂಡಿಗಿಂತ ದೀರ್ಘವಾದವುಗಳಲ್ಲಿ ಹೆಚ್ಚಿನವು ಭಾರೀ ನಕ್ಷತ್ರಗಳ ಕುಸಿತದಿಂದಲೂ, ಅದಕ್ಕಿಂತ ಕಿರಿದಾದವುಗಳಲ್ಲಿ ಹೆಚ್ಚಿನವು ಎರಡು ನ್ಯೂಟ್ರಾನ್ ನಕ್ಷತ್ರಗಳ ವಿಲೀನದಿಂದಲೂ ಉಂಟಾಗುತ್ತವೆ ಎಂಬುದು ಒಪ್ಪಿತ ಚಿತ್ರಣ. ಈ ಗಡಿ ಕಟ್ಟುನಿಟ್ಟಾದದ್ದಲ್ಲ. 2021ರ ಡಿಸೆಂಬರ್ 11ರ ಜಿಆರ್‌ಬಿ 211211ಎ (ಜಿಆರ್‌ಬಿ ಎಂದರೆ ಗಾಮಾ ಕಿರಣ ಸ್ಫೋಟ, ಅಂಕಿಗಳು ಅದರ ದಿನಾಂಕ) ದೀರ್ಘ ಸ್ಫೋಟವಾಗಿದ್ದರೂ ವಿಲೀನದ ಗುರುತಾದ ಕಿಲೋನೋವಾವನ್ನು ಅದರೊಂದಿಗೆ ಕಾಣಲಾಯಿತು.

ಎರಡೂ ಸಂದರ್ಭಗಳಲ್ಲಿ ಕೇಂದ್ರದಿಂದ ಒಂದು ಕಿರಿದಾದ ಜೆಟ್ ಹೊರಚಿಮ್ಮುತ್ತದೆ. ಅದರ ಆರಂಭದ ಲೊರೆಂಟ್ಸ್ ಗುಣಕ ನೂರರಿಂದ ಸಾವಿರದ ನಡುವೆ ಇರುತ್ತದೆ; ಗುಣಕ 300 ಇದ್ದರೆ ವೇಗವು ಬೆಳಕಿನ ವೇಗದ ಶೇಕಡ 99.9994ರಷ್ಟು ಎಂದರ್ಥ. ಗಾಮಾ ಕಿರಣಗಳು ಹುಟ್ಟುವುದು ಜೆಟ್ಟಿನ ಒಳಗೆ. ಅವು ಮುಗಿದ ಮೇಲೂ ಜೆಟ್ ಮುಂದೆ ಸಾಗುತ್ತಲೇ ಇದ್ದು, ಸುತ್ತಲಿನ ತೆಳುವಾದ ಅನಿಲವನ್ನು ಗುಡಿಸಿಕೊಂಡು ಹೋಗುತ್ತದೆ. ಆಗ ಏಳುವ ಆಘಾತ ತರಂಗದಲ್ಲಿ ಎಲೆಕ್ಟ್ರಾನುಗಳು ವೇಗೋತ್ಕರ್ಷಗೊಂಡು, ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಸಿಂಕ್ರೊಟ್ರಾನ್ ವಿಕಿರಣವನ್ನು ಸೂಸುತ್ತವೆ. ಆಫ್ಟರ್‌ಗ್ಲೋ ಎಂದು ಖಗೋಳಜ್ಞರು ಕರೆಯುವ ಉಳಿಬೆಳಕು ಇದೇ. ಕ್ಷ-ಕಿರಣ ಮತ್ತು ದೃಗ್ಗೋಚರ ಬೆಳಕಿನಲ್ಲಿ ಅದು ಗಂಟೆ, ದಿನ, ವಾರಗಳವರೆಗೂ, ರೇಡಿಯೋದಲ್ಲಿ ತಿಂಗಳುಗಳಿಂದ ವರ್ಷಗಳವರೆಗೂ ಉಳಿಯುತ್ತದೆ.

ಇದು ಪತ್ತೆಯಾದದ್ದು ಯಾವಾಗ?

ಸ್ಫೋಟಗಳು ಮೊದಲು ಕಂಡದ್ದು 1967ರಲ್ಲಿ, ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಲ್ಲಿ. ಆ ಸುದ್ದಿ ಪ್ರಕಟವಾದದ್ದು 1973ರಲ್ಲಿ. 1991ರಲ್ಲಿ ಹಾರಿದ ಕಾಂಪ್ಟನ್ ವೀಕ್ಷಣಾಲಯವು ಸ್ಫೋಟಗಳು ಆಕಾಶದ ಎಲ್ಲ ದಿಕ್ಕುಗಳಲ್ಲೂ ಸಮನಾಗಿ ಹರಡಿವೆ ಎಂದು ತೋರಿಸಿತಾದರೂ ದೂರದ ಪ್ರಶ್ನೆ ಹಾಗೆಯೇ ಉಳಿದಿತ್ತು. ಇಟಲಿ ಮತ್ತು ನೆದರ್‌ಲೆಂಡ್ಸ್‌ಗಳ ಬೆಪ್ಪೋಸ್ಯಾಕ್ಸ್ ಉಪಗ್ರಹವು 1997ರ ಫೆಬ್ರುವರಿ 28ರ ಸ್ಫೋಟದ ದಿಕ್ಕಿನಲ್ಲಿ ಮಂಕಾಗುತ್ತಿದ್ದ ಕ್ಷ-ಕಿರಣ ಮೂಲವೊಂದನ್ನು ಕಂಡಿತು, ಭೂಮಿಯ ದೂರದರ್ಶಕಗಳು ಅಲ್ಲಿಯೇ ದೃಗ್ಗೋಚರ ಬೆಳಕನ್ನೂ ಕಂಡವು. ಅದೇ ವರ್ಷದ ಮೇ 8ರ ಸ್ಫೋಟದ ಉಳಿಬೆಳಕಿನ ರೋಹಿತದಿಂದ 0.835 ಎಂಬ ಕೆಂಪು ಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕಿನ ಅಲೆಯುದ್ದ ಹೆಚ್ಚಿದ ಪ್ರಮಾಣ) ಸಿಕ್ಕಿ, ಇವು ನಮ್ಮ ಆಕಾಶಗಂಗೆಯಾಚೆಯ, ಶತಕೋಟಿಗಟ್ಟಲೆ ಜ್ಯೋತಿರ್ವರ್ಷಗಳ ದೂರದ ಘಟನೆಗಳು ಎಂಬುದು ಖಚಿತವಾಯಿತು. ಮೆಸಾರೋಶ್ ಮತ್ತು ರೀಸ್ ಇಂಥ ಬೆಳಕು ಕಾಣಬೇಕೆಂದು ಲೆಕ್ಕ ಹಾಕಿ ಹೇಳಿದ್ದು ಈ ಪತ್ತೆಗೆ ಸ್ವಲ್ಪ ಮೊದಲೇ ಎಂಬುದನ್ನು ಇಲ್ಲಿ ನೆನೆಯಬೇಕು.

ಮಾದರಿ ಎಂದರೆ ಇಲ್ಲಿ ಏನನ್ನು ಕಟ್ಟುತ್ತೇವೆ?

ಮೂರು ತುಂಡುಗಳನ್ನು ಜೋಡಿಸುತ್ತೇವೆ. ಮೊದಲನೆಯದು ಚಲನೆಯ ಲೆಕ್ಕ: ಸ್ಫೋಟದ ಶಕ್ತಿ ಇಷ್ಟು, ಸುತ್ತಲಿನ ಅನಿಲದ ಸಾಂದ್ರತೆ ಇಷ್ಟು ಎಂದಾದರೆ ಆಘಾತ ತರಂಗ ಹೇಗೆ ನಿಧಾನವಾಗುತ್ತದೆ? ಬ್ಲ್ಯಾಂಡ್‌ಫರ್ಡ್ ಮತ್ತು ಮೆಕ್‌ಕೀ 1976ರಲ್ಲಿಯೇ ಇದನ್ನು ಬಿಡಿಸಿದ್ದರು. ಅನಿಲ ಎಲ್ಲೆಡೆ ಸಮನಾಗಿದ್ದರೆ, ನಮಗೆ ಕಾಣುವ ಕಾಲದೊಂದಿಗೆ ಲೊರೆಂಟ್ಸ್ ಗುಣಕವು ಋಣ ಎಂಟನೇ ಮೂರರ ಘಾತದಂತೆ ಇಳಿಯುತ್ತದೆ. ಸಾಯುವ ಮುನ್ನ ನಕ್ಷತ್ರವೇ ಬೀಸಿದ ಗಾಳಿಯಲ್ಲಿ ಜೆಟ್ ಸಾಗುತ್ತಿದ್ದರೆ ಸಾಂದ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆ, ಗುಣಕವು ಋಣ ಕಾಲು ಘಾತದಂತೆ ಇನ್ನೂ ನಿಧಾನವಾಗಿ ಇಳಿಯುತ್ತದೆ.

ಎರಡನೆಯದು ವಿಕಿರಣದ ಲೆಕ್ಕ. ಆಘಾತದ ಶಕ್ತಿಯಲ್ಲಿ ಒಂದು ಪಾಲು ಎಲೆಕ್ಟ್ರಾನುಗಳಿಗೆ, ಇನ್ನೊಂದು ಪಾಲು ಕಾಂತಕ್ಷೇತ್ರಕ್ಕೆ ಹೋಗುತ್ತದೆ ಎಂದು ಇಟ್ಟುಕೊಳ್ಳುತ್ತೇವೆ. ಎಲೆಕ್ಟ್ರಾನುಗಳ ಶಕ್ತಿಹಂಚಿಕೆ ಒಂದು ಘಾತ ನಿಯಮದಂತೆ ಇಳಿಯುತ್ತದೆ. ಆ ಘಾತಾಂಕವನ್ನು ಪಿ ಎನ್ನುತ್ತೇವೆ, ಅದರ ಬೆಲೆ ಬಹುಮಟ್ಟಿಗೆ 2ರಿಂದ 2.5ರ ಸುತ್ತ ಇರುತ್ತದೆ. ಸಾರಿ, ಪಿರಾನ್ ಮತ್ತು ರಮೇಶ್ ನಾರಾಯಣ್ 1998ರಲ್ಲಿ ಇದರಿಂದ ಪೂರ್ತಿ ರೋಹಿತವನ್ನು ಬರೆದುಕೊಟ್ಟರು. ಅದು ಮೂರು ಕಡೆ ಮುರಿದ ಸರಳರೇಖೆಗಳ ಸಾಲು. ಒಂದು ಕಂಪನಾಂಕದ ಕೆಳಗೆ ಮೂಲವು ತನ್ನ ರೇಡಿಯೋ ಬೆಳಕನ್ನು ತಾನೇ ಹೀರಿಕೊಳ್ಳುತ್ತದೆ. ಇನ್ನೊಂದು, ಅತಿ ಕಡಿಮೆ ಶಕ್ತಿಯ ಎಲೆಕ್ಟ್ರಾನುಗಳು ಹೊಳೆಯುವ ಕಂಪನಾಂಕ. ಇದು ಕಾಲದ ಋಣ ಒಂದೂವರೆ ಘಾತದಂತೆ ಬೇಗ ಕೆಳಗಿಳಿಯುತ್ತದೆ. ಮೂರನೆಯದು ತಂಪಾಗುವ ಕಂಪನಾಂಕ. ಅದರ ಮೇಲಿನ ಬೆಳಕನ್ನು ಸೂಸುವ ಎಲೆಕ್ಟ್ರಾನುಗಳು ತಮ್ಮ ಶಕ್ತಿಯನ್ನು ಆಗಲೇ ಕಳೆದುಕೊಂಡಿರುತ್ತವೆ.

ಮೂರನೆಯ ತುಂಡು ಜ್ಯಾಮಿತಿ: ಜೆಟ್ಟಿನ ಅಗಲ, ನಾವು ಅದನ್ನು ನೋಡುತ್ತಿರುವ ಕೋನ, ದೂರ ಮತ್ತು ಕೆಂಪು ಪಲ್ಲಟ.

ಗಣಕಯಂತ್ರವನ್ನು ಮುಟ್ಟುವ ಮೊದಲು ಕೈಲೆಕ್ಕ ಮಾಡಬೇಕೇ?

ಖಂಡಿತ ಮಾಡಬೇಕು. ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವಷ್ಟು ಸಮಯವಿದ್ದರೆ ಇದನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ. ಬೆಳಕು ಮಂಕಾಗುವ ವೇಗ ಮತ್ತು ಅದರ ಬಣ್ಣ, ಇವೆರಡೂ ಬೇರೆ ಬೇರೆ ಅಳತೆಗಳು. ಆದರೆ ಮಾದರಿಯ ಪ್ರಕಾರ ಎರಡನ್ನೂ ನಿರ್ಧರಿಸುವುದು ಒಂದೇ ಪಿ. ಆದ್ದರಿಂದ ಒಂದು ಅಳತೆಯಿಂದ ಇನ್ನೊಂದನ್ನು ಪರೀಕ್ಷಿಸಬಹುದು, ಅದಕ್ಕೆ ಲಾಗ್-ಲಾಗ್ ಹಾಳೆ ಮತ್ತು ಪೆನ್ಸಿಲ್ ಸಾಕು.

ಅಭ್ಯಾಸಕ್ಕೆಂದು ಕಟ್ಟಿದ ಒಂದು ಲೆಕ್ಕವನ್ನು ನೋಡಿ. ಸ್ಫೋಟವಾಗಿ 0.1 ದಿನಕ್ಕೆ, ಅಂದರೆ 2 ಗಂಟೆ 24 ನಿಮಿಷಕ್ಕೆ, ಕೆಂಪು ಫಿಲ್ಟರಿನಲ್ಲಿ ಕಾಂತಿಮಾನ (ಈ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಮಂಕು) 17.5 ಇತ್ತು, ಒಂದು ದಿನಕ್ಕೆ 19.75 ಆಯಿತು ಎಂದುಕೊಳ್ಳಿ. ವ್ಯತ್ಯಾಸ 2.25. ಕಾಂತಿಮಾನದ 2.5 ವ್ಯತ್ಯಾಸವೆಂದರೆ ಹತ್ತು ಪಟ್ಟು ಬೆಳಕು, ಆದ್ದರಿಂದ 2.25ನ್ನು 2.5ರಿಂದ ಭಾಗಿಸಿದಾಗ 0.9 ಬರುತ್ತದೆ. ಕಾಲ ಸರಿಯಾಗಿ ಹತ್ತು ಪಟ್ಟಾಗಿರುವುದರಿಂದ ಇಳಿಕೆಯ ಘಾತಾಂಕವೂ 0.9. ಸಮನಾದ ಅನಿಲದಲ್ಲಿ, ತಂಪಾಗುವ ಕಂಪನಾಂಕದ ಕೆಳಗೆ, ಇಳಿಕೆಯ ಘಾತಾಂಕವು ಪಿಯಿಂದ 1 ಕಳೆದು ಮುಕ್ಕಾಲಿನಿಂದ ಗುಣಿಸಿದಷ್ಟು. ಹಾಗಾದರೆ ಪಿ 2.2. ಕಂಪನಾಂಕ ಏರಿದಂತೆ ಪ್ರಖರತೆ ಇಳಿಯುವ ಘಾತಾಂಕವನ್ನು ರೋಹಿತದ ಘಾತಾಂಕ ಎನ್ನುತ್ತೇವೆ; ಅದೇ ಪಿಯಿಂದ ಅದು, ಅಂದರೆ ಪಿಯಿಂದ 1 ಕಳೆದು ಅರ್ಧ ಮಾಡಿದ್ದು, 0.6 ಆಗಬೇಕು. ನಿಮ್ಮಲ್ಲಿ ಹಲವು ಫಿಲ್ಟರುಗಳ ಅಳತೆ ಇದ್ದರೆ ಅದು 0.6 ಬರುತ್ತದೆಯೇ ಎಂದು ತಕ್ಷಣ ನೋಡಬಹುದು.

ಈಗ ಕ್ಷ-ಕಿರಣಕ್ಕೆ ಬನ್ನಿ. ಅದು ತಂಪಾಗುವ ಕಂಪನಾಂಕದ ಮೇಲಿದ್ದರೆ ರೋಹಿತದ ಘಾತಾಂಕ ಪಿಯ ಅರ್ಧ, ಅಂದರೆ 1.1, ಇಳಿಕೆಯು ಪಿಯ ಮೂರು ಪಟ್ಟಿನಿಂದ 2 ಕಳೆದು ನಾಲ್ಕರಿಂದ ಭಾಗಿಸಿದಷ್ಟು, ಅಂದರೆ 1.15. ದೃಗ್ಗೋಚರ ಬೆಳಕಿಗೂ ಕ್ಷ-ಕಿರಣಕ್ಕೂ ನಡುವೆ ರೋಹಿತದಲ್ಲಿ 0.5, ಇಳಿಕೆಯಲ್ಲಿ 0.25 ವ್ಯತ್ಯಾಸ ಕಂಡರೆ ತಂಪಾಗುವ ಕಂಪನಾಂಕ ಅವೆರಡರ ನಡುವೆ ಕುಳಿತಿದೆ ಎಂದು ನಂಬಲು ಒಳ್ಳೆಯ ಆಧಾರವಿದೆ. ಬದಲಿಗೆ ನಕ್ಷತ್ರದ ಗಾಳಿ ಎಂದು ಊಹಿಸಿ ನೋಡಿ: ಆಗ ದೃಗ್ಗೋಚರ ಇಳಿಕೆ ಪಿಯ ಮೂರು ಪಟ್ಟಿನಿಂದ 1 ಕಳೆದು ನಾಲ್ಕರಿಂದ ಭಾಗಿಸಿದಷ್ಟಾಗುವುದರಿಂದ, 0.9ಕ್ಕೆ ಪಿ ಸುಮಾರು 1.53 ಆಗಬೇಕಾಗುತ್ತದೆ, ರೋಹಿತದ ಘಾತಾಂಕ 0.27ಕ್ಕೆ ಇಳಿಯುತ್ತದೆ. ಅಳತೆ 0.6 ಎನ್ನುತ್ತಿದ್ದರೆ ಗಾಳಿಯ ಮಾದರಿ ಅಲ್ಲಿಗೇ ಬಿದ್ದುಹೋಯಿತು.

ಹಿರಿಯೂರಿನಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮಂಡಿಪೇಟೆಯಲ್ಲಿ ಕೊಂಡ ಲಾಗ್-ಲಾಗ್ ಹಾಳೆಯ ಮೇಲೆ ಈ ಎರಡು ರೇಖೆಗಳನ್ನು ಎರಡು ಬಣ್ಣದ ಪೆನ್ಸಿಲಿನಲ್ಲಿ ಎಳೆದು, ಪ್ರತಿ ಬಿಂದುವಿನ ಮೇಲೆ ದೋಷಮಿತಿಯ ಗೆರೆ ಹಾಕಿ, ಅಳತೆಪಟ್ಟಿಯನ್ನು ಆ ಗೆರೆಗಳ ಒಳಗೇ ಮೇಲಕ್ಕೂ ಕೆಳಕ್ಕೂ ವಾಲಿಸಿ ಇಳಿಜಾರು ಎಷ್ಟರಿಂದ ಎಷ್ಟರವರೆಗೆ ಇರಬಹುದೆಂದು ಬದಿಯಲ್ಲಿ ಬರೆದಿಟ್ಟಿದ್ದಳು. ಮುಂದೆ ಗಣಕಯಂತ್ರ ಕೊಟ್ಟ ಉತ್ತರವನ್ನು ಅವಳು ಆ ಹಾಳೆಗೆ ಹೋಲಿಸಿ ನೋಡಿದ್ದರಿಂದ, ಯಾವ ಸಂಖ್ಯೆ ಎಲ್ಲಿಂದ ಬಂತೆಂದು ಕೇಳಿದವರಿಗೆಲ್ಲ ಹೇಳಬಲ್ಲವಳಾಗಿದ್ದಳು.

ಧೂಳಿನಿಂದ ಲೆಕ್ಕ ತಪ್ಪುತ್ತದೆ ಎನ್ನುತ್ತಾರೆ. ಎಷ್ಟರಮಟ್ಟಿಗೆ?

ಸ್ಫೋಟ ನಡೆದ ಗೆಲಾಕ್ಸಿಯ ಧೂಳು ನೀಲಿ ಬೆಳಕನ್ನು ಹೆಚ್ಚು ಹೀರುವುದರಿಂದ ರೋಹಿತವು ಇರುವುದಕ್ಕಿಂತ ಕಡಿದಾಗಿ ಕಾಣುತ್ತದೆ, ನಿಜವಾಗಿ 0.6 ಇರುವುದು 1 ಎಂದು ಕಂಡರೆ ಪಿಯ ಲೆಕ್ಕವೆಲ್ಲ ಏರುಪೇರಾಗುತ್ತದೆ. ಕಾಲದೊಂದಿಗಿನ ಇಳಿಕೆಯನ್ನು ಮಾತ್ರ ಧೂಳು ಬದಲಿಸುವುದಿಲ್ಲ, ಏಕೆಂದರೆ ಅದು ಇಂದಿಗೂ ನಾಳೆಗೂ ಒಂದೇ ಪ್ರಮಾಣದಲ್ಲಿ ಹೀರುತ್ತದೆ. ಆದ್ದರಿಂದ ಇಳಿಕೆಯಿಂದ ಪಿಯನ್ನು ಪಡೆದು, ರೋಹಿತದಲ್ಲಿ ಉಳಿಯುವ ಬಾಗನ್ನು ಧೂಳಿನ ಲೆಕ್ಕಕ್ಕೆ ಹಾಕುವುದು ಸರಿಯಾದ ಕ್ರಮ. ನಮ್ಮ ಆಕಾಶಗಂಗೆಯ ಧೂಳನ್ನು ಅದಕ್ಕೂ ಮೊದಲೇ, ಪ್ರಕಟಿತ ನಕ್ಷೆಗಳಿಂದ ತಿದ್ದಿಕೊಳ್ಳಬೇಕು.

ಕ್ಷ-ಕಿರಣದ ವಕ್ರರೇಖೆ ಒಂದೇ ಸರಳರೇಖೆಯಾಗಿ ಬರುವುದಿಲ್ಲವಲ್ಲ?

ಬರುವುದಿಲ್ಲ. 2004ರ ನವೆಂಬರ್ 20ರಂದು ಹಾರಿದ ಸ್ವಿಫ್ಟ್ ಉಪಗ್ರಹವು ಸ್ಫೋಟದ ಕಡೆಗೆ ಒಂದೆರಡು ನಿಮಿಷಗಳಲ್ಲಿ ತಿರುಗಿಕೊಳ್ಳಬಲ್ಲದಾದ್ದರಿಂದ ಮೊದಲ ಗಂಟೆಯ ಚಿತ್ರ ನಮಗೆ ಸಿಕ್ಕಿತು, ಮತ್ತು ಅದು ಯಾರೂ ನಿರೀಕ್ಷಿಸಿದಷ್ಟು ಸರಳವಾಗಿರಲಿಲ್ಲ. ಆರಂಭದಲ್ಲಿ ಬಹಳ ಕಡಿದಾದ ಇಳಿಕೆ, ನಂತರ ಸಮತಟ್ಟಾದ ಹಂತ, ಅದಾದ ಮೇಲೆ ಸುಮಾರು 1.2ರ ಸಾಮಾನ್ಯ ಇಳಿಕೆ, ಕೊನೆಗೆ ಕೆಲವುಗಳಲ್ಲಿ ಮತ್ತೊಮ್ಮೆ ಕಡಿದಾದ ಇಳಿಕೆ. ನಡುನಡುವೆ ಥಟ್ಟನೆ ಏರಿ ಇಳಿಯುವ ಜ್ವಾಲೆಗಳು. ಮೊದಲ ಕಡಿದಾದ ಭಾಗವು ಸ್ಫೋಟದ್ದೇ ಬಾಲ: ಜೆಟ್ಟಿನ ಅಂಚುಗಳಿಂದ ಹೊರಟ ಬೆಳಕು ಹೆಚ್ಚು ದೂರ ಕ್ರಮಿಸಿ ತಡವಾಗಿ ನಮ್ಮನ್ನು ಮುಟ್ಟುತ್ತದೆ. ಸಮತಟ್ಟಾದ ಹಂತಕ್ಕೆ ಕೇಂದ್ರದಿಂದ ಶಕ್ತಿ ಹರಿಯುತ್ತಲೇ ಇರುವುದು ಕಾರಣವೆಂದು ಹಲವರು ಹೇಳುತ್ತಾರೆ. ಆ ಕೇಂದ್ರವು ಅತಿವೇಗವಾಗಿ ತಿರುಗುವ, ಪ್ರಬಲ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರವಾಗಿರಬಹುದೆಂಬ ವಾದವಿದೆ, ಜೆಟ್ಟನ್ನು ಓರೆಯಾಗಿ ನೋಡುವುದರಿಂದ ಹಾಗೆ ಕಾಣುತ್ತದೆಂಬ ವಾದವೂ ಇದೆ. ಪ್ರಾಜೆಕ್ಟಿನಲ್ಲಿ ಇವೆಲ್ಲಕ್ಕೂ ಒಂದೇ ಆಘಾತ ತರಂಗವನ್ನು ಹೊಂದಿಸಲು ಹೋಗದೆ, ಸಾಮಾನ್ಯ ಇಳಿಕೆಯ ಭಾಗವನ್ನು ಮಾತ್ರ ತೆಗೆದುಕೊಳ್ಳುವುದು ನನ್ನ ಸಲಹೆ. ಬಿಟ್ಟ ಭಾಗ ಯಾವುದು, ಏಕೆ ಬಿಟ್ಟಿರಿ ಎಂಬುದನ್ನು ಬರೆಯಬೇಕಾದದ್ದೂ ಅಷ್ಟೇ ಮುಖ್ಯ.

ಜೆಟ್ಟಿನ ಅಗಲ ತಿಳಿಯುವುದು ಹೇಗೆ?

ಬೆಳಕಿನ ವೇಗಕ್ಕೆ ಸಮೀಪವಾಗಿ ನಮ್ಮತ್ತ ಬರುವ ಮೂಲದ ಬೆಳಕು ಕಿರಿದಾದ ಶಂಕುವಿನಲ್ಲಿ ಕೇಂದ್ರೀಕೃತವಾಗಿರುತ್ತದೆ. ಆ ಶಂಕುವಿನ ಕೋನ ಲೊರೆಂಟ್ಸ್ ಗುಣಕದ ವಿಲೋಮದಷ್ಟು. ಆದ್ದರಿಂದ ಆರಂಭದಲ್ಲಿ ಜೆಟ್ಟಿನ ನಡುಭಾಗ ಮಾತ್ರ ನಮಗೆ ಕಾಣುತ್ತದೆ. ಜೆಟ್ ನಿಧಾನವಾದಂತೆ ಕಾಣುವ ಭಾಗ ಹಿಗ್ಗುತ್ತಾ ಹೋಗಿ, ಒಂದು ಘಟ್ಟದಲ್ಲಿ ಅಂಚು ಕಾಣಿಸುತ್ತದೆ. ಅಲ್ಲಿಂದ ಮುಂದೆ ಕಾಣಲು ಹೊಸ ಭಾಗ ಉಳಿದಿರುವುದಿಲ್ಲವಾದ್ದರಿಂದ ಬೆಳಕು ಬೇಗ ಇಳಿಯತೊಡಗುತ್ತದೆ, ಇಳಿಕೆಯ ಘಾತಾಂಕ ಪಿಗೆ ಹತ್ತಿರವಾಗುತ್ತದೆ. ಈ ಮುರಿತ ಕ್ಷ-ಕಿರಣದಲ್ಲೂ ದೃಗ್ಗೋಚರದಲ್ಲೂ ಒಂದೇ ಸಮಯಕ್ಕೆ ಕಾಣಬೇಕು. ಒಂದರಲ್ಲಿ ಮಾತ್ರ ಕಂಡರೆ ಅದನ್ನು ಜೆಟ್ ಮುರಿತ ಎಂದು ಕರೆಯುವ ಮುನ್ನ ತಂಪಾಗುವ ಕಂಪನಾಂಕ ಹಾದುಹೋಯಿತೇ ಎಂದು ಪರೀಕ್ಷಿಸಿ.

ಸಂಖ್ಯೆಗಳಲ್ಲಿ ಹೇಳುವುದಾದರೆ, ಕೆಂಪು ಪಲ್ಲಟ 1, ಎಲ್ಲ ದಿಕ್ಕಿಗೂ ಸಮನಾಗಿ ಹರಡಿದೆಯೆಂದು ಲೆಕ್ಕ ಹಾಕಿದ ಗಾಮಾ ಕಿರಣ ಶಕ್ತಿ 10⁵³ ಅರ್ಗ್, ಘನ ಸೆಂಟಿಮೀಟರಿಗೆ 0.1 ಕಣ, ಮತ್ತು ಮುರಿತ ಒಂದು ದಿನಕ್ಕೆ ಎಂದಾದರೆ, ಜೆಟ್ಟಿನ ಅರ್ಧಕೋನ ಸುಮಾರು 0.057 ರೇಡಿಯನ್, ಅಂದರೆ 3.3 ಡಿಗ್ರಿ ಬರುತ್ತದೆ. ಸಾಂದ್ರತೆಯ ಮೇಲೆ ಇದರ ಅವಲಂಬನೆ ಎಂಟನೇ ಒಂದರ ಘಾತದಷ್ಟು ಮಾತ್ರ; ಸಾಂದ್ರತೆ ನೂರು ಪಟ್ಟು ಬದಲಾದರೂ ಕೋನ ಎರಡು ಪಟ್ಟೂ ಬದಲಾಗುವುದಿಲ್ಲ. ಈ ಕೋನವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ 10⁵³ ಅರ್ಗ್ ಎಂಬುದು ಸುಮಾರು 600 ಪಟ್ಟು ಕಡಿಮೆಯಾಗಿ 1.6 × 10⁵⁰ಕ್ಕೆ ಇಳಿಯುತ್ತದೆ. ಶಕ್ತಿಯ ಅಂದಾಜು ಇಷ್ಟರಮಟ್ಟಿಗೆ ಜ್ಯಾಮಿತಿಯನ್ನು ಅವಲಂಬಿಸಿರುವುದರಿಂದಲೇ ಮುರಿತದ ಸಮಯವನ್ನು ಅಳೆಯಲು ವೀಕ್ಷಕರು ಅಷ್ಟು ಶ್ರಮ ಪಡುತ್ತಾರೆ.

ಜೆಟ್ ನಮ್ಮತ್ತ ನೇರವಾಗಿ ಇಲ್ಲದಿದ್ದರೆ?

ರಾತ್ರಿ ಹೊತ್ತು ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆಗೆ ಹೋಗುವಾಗ ತಿರುವಿನಾಚೆಯ ಲಾರಿಯ ಹೆಡ್‌ಲೈಟು ಮೊದಲು ಮಂಕಾಗಿ, ಲಾರಿ ತಿರುಗಿಕೊಂಡಂತೆ ಪ್ರಖರವಾಗಿ ಕಾಣುವುದಷ್ಟೆ. ಓರೆಯಾಗಿ ಕಾಣುವ ಜೆಟ್ಟಿನಲ್ಲಿ ದಿಕ್ಕು ಬದಲಾಗದು, ನಿಧಾನವಾದಂತೆ ಅದರ ಬೆಳಕಿನ ಶಂಕು ಅಗಲವಾಗಿ ನಮ್ಮನ್ನು ತಲುಪುತ್ತದೆ. ಪರಿಣಾಮ ಮಾತ್ರ ಹಾಗೆಯೇ, ಉಳಿಬೆಳಕು ಇಳಿಯುವ ಬದಲು ಮೊದಲು ಏರುತ್ತದೆ.

2017ರ ಆಗಸ್ಟ್ 17ರಂದು ಇದು ಕಣ್ಣೆದುರೇ ನಡೆಯಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ವಿಲೀನವಾದಾಗ ಗುರುತ್ವ ಅಲೆಗಳು ಬಂದವು, 1.7 ಸೆಕೆಂಡಿನ ನಂತರ ದುರ್ಬಲವಾದ ಗಾಮಾ ಕಿರಣ ಸ್ಫೋಟವೊಂದು ಕಾಣಿಸಿತು. ಕ್ಷ-ಕಿರಣದ ಉಳಿಬೆಳಕು ಕಂಡದ್ದು ಒಂಬತ್ತು ದಿನಗಳ ನಂತರ, ರೇಡಿಯೋ ಹದಿನಾರು ದಿನಗಳ ನಂತರ. ಅಲ್ಲಿಂದ ಐದು ತಿಂಗಳ ಕಾಲ ಅದು ನಿಧಾನವಾಗಿ ಏರುತ್ತಲೇ ಹೋಯಿತು. ಏಕರೂಪದ, ಚೂಪು ಅಂಚಿನ ಜೆಟ್ಟಿನಿಂದ ಅಷ್ಟು ನಿಧಾನದ ಏರಿಕೆ ಬರುವುದಿಲ್ಲ. ನಡುವೆ ಪ್ರಬಲವಾಗಿದ್ದು ಅಂಚಿನತ್ತ ಕ್ರಮೇಣ ದುರ್ಬಲವಾಗುವ ಜೆಟ್, ಅಥವಾ ಹೊರಬರಲಾಗದೆ ಸಿಕ್ಕಿಬಿದ್ದು ಶಕ್ತಿಯನ್ನೆಲ್ಲ ಸುತ್ತಲಿನ ಪದಾರ್ಥಕ್ಕೆ ಹಂಚಿಬಿಟ್ಟ ಜೆಟ್: ಏರುತ್ತಿರುವ ರೇಖೆಗೆ ಎರಡೂ ಹೊಂದುತ್ತಿದ್ದವು. ಜಗತ್ತಿನ ಅತ್ಯುತ್ತಮ ದತ್ತಾಂಶವೇ ಕೈಯಲ್ಲಿದ್ದರೂ ಬೆಳಕಿನ ವಕ್ರರೇಖೆ ಇವೆರಡನ್ನು ಬೇರ್ಪಡಿಸಲಿಲ್ಲ. ಬೇರ್ಪಡಿಸಿದ್ದು ಬೇರೆಯದೇ ಅಳತೆ: ಖಂಡಾಂತರ ರೇಡಿಯೋ ದೂರದರ್ಶಕಗಳನ್ನು ಜೋಡಿಸಿ ನೋಡಿದಾಗ, 75ನೇ ದಿನಕ್ಕೂ 230ನೇ ದಿನಕ್ಕೂ ನಡುವೆ ಮೂಲವು ಆಕಾಶದಲ್ಲಿ ಸರಿದಿತ್ತು, ಬೆಳಕಿನ ವೇಗದ ಸುಮಾರು ನಾಲ್ಕು ಪಟ್ಟು ವೇಗದ ತೋರಿಕೆಯ ಚಲನೆಯೊಂದಿಗೆ. ಕಿರಿದಾದ ಜೆಟ್ಟನ್ನು ಓರೆಯಾಗಿ ನೋಡುತ್ತಿದ್ದರೆ ಮಾತ್ರ ಅಂಥ ಚಲನೆ ಕಾಣಲು ಸಾಧ್ಯ. ರೇಡಿಯೋದಿಂದ ಕ್ಷ-ಕಿರಣದವರೆಗೆ ಒಂದೇ ಸರಳರೇಖೆಯಾಗಿದ್ದ ಆ ರೋಹಿತದ ಘಾತಾಂಕ ಸುಮಾರು 0.58, ಮೇಲಿನ ಕೈಲೆಕ್ಕದಂತೆಯೇ ಪಿ 2.17 ಎಂದು ಬರುತ್ತದೆ. ಈ ವೀಕ್ಷಣೆಯಲ್ಲಿ ಪುಣೆ ಜಿಲ್ಲೆಯ ಖೋಡದಿನ ಜಿಎಂಆರ್‌ಟಿ ದೂರದರ್ಶಕವೂ ಕಡಿಮೆ ಕಂಪನಾಂಕಗಳಲ್ಲಿ ಪಾಲುಗೊಂಡಿತ್ತು.

ಯಾವ ತಂತ್ರಾಂಶ ಬಳಸಬೇಕು?

ಆರಂಭಕ್ಕೆ ಪೈಥಾನ್‌ನಲ್ಲಿ ಬಳಸಬಹುದಾದ ಆಫ್ಟರ್‌ಗ್ಲೋಪೈ ಸಾಕು. ಅದು ಮುಕ್ತ ತಂತ್ರಾಂಶ, ಓರೆ ನೋಟವನ್ನೂ ಕ್ರಮೇಣ ದುರ್ಬಲವಾಗುವ ಜೆಟ್ಟುಗಳನ್ನೂ ಲೆಕ್ಕ ಹಾಕುತ್ತದೆ, ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಬಾಕ್ಸ್‌ಫಿಟ್ ಎಂಬುದು ದ್ರವಚಲನೆಯ ಪೂರ್ಣ ಅನುಕರಣೆಗಳ ಮೇಲೆ ನಿಂತ ಹಳೆಯ ತಂತ್ರಾಂಶ. ಯಾವುದನ್ನೇ ಬಳಸುವ ಮೊದಲು ಅದರ ಮಿತಿಗಳನ್ನು ಓದಿಕೊಳ್ಳಿ: ಸುತ್ತಲಿನ ಅನಿಲ ಸಮನಾಗಿರುವುದೆಂದು ಆಫ್ಟರ್‌ಗ್ಲೋಪೈ ಊಹಿಸಿಕೊಳ್ಳುತ್ತದೆ, ಆದ್ದರಿಂದ ನಿಮ್ಮ ಕೈಲೆಕ್ಕ ನಕ್ಷತ್ರದ ಗಾಳಿಯತ್ತ ಬೆರಳು ತೋರಿಸಿದ್ದರೆ ಅದು ನಿಮಗೆ ತಕ್ಕುದಲ್ಲ. ನಿಯತಾಂಕಗಳನ್ನು ಹುಡುಕಲು ಎಂಸಿಎಂಸಿ (ಮಾರ್ಕೋವ್ ಚೈನ್ ಮಾಂಟೆ ಕಾರ್ಲೊ) ವಿಧಾನವನ್ನು, ಅಂದರೆ ಬೆಲೆಗಳನ್ನು ಯಾದೃಚ್ಛಿಕವಾಗಿ ಬದಲಿಸುತ್ತಾ ದತ್ತಾಂಶಕ್ಕೆ ಹೊಂದುವವುಗಳ ಹಂಚಿಕೆಯನ್ನು ಪಡೆಯುವ ವಿಧಾನವನ್ನು, ಬಳಸುವುದು ರೂಢಿ. ಅದಕ್ಕೆ ಲಕ್ಷಗಟ್ಟಲೆ ಬಾರಿ ಮಾದರಿಯನ್ನು ಲೆಕ್ಕ ಹಾಕಬೇಕಾಗುವುದರಿಂದ ರಾತ್ರಿಯಿಡೀ ಓಡಿಸಲು ಸಿದ್ಧರಿರಿ, ಕರೆಂಟು ಹೋದರೂ ಲೆಕ್ಕ ಉಳಿಯುವಂತೆ ಆಗಾಗ ಫೈಲಿಗೆ ಬರೆಸುತ್ತಿರಿ.

ರೇಖೆ ಎಲ್ಲ ಬಿಂದುಗಳ ಮೂಲಕ ಹಾದುಹೋಯಿತು. ಮಾದರಿ ಸರಿ ಎಂದು ತೀರ್ಮಾನಿಸಬಹುದೇ?

ತೀರ್ಮಾನಿಸಲಾಗದು. ರೇಖೆ ಬಿಂದುಗಳ ಮೂಲಕ ಹಾದುಹೋಗುವುದು ಮಾದರಿ ನಿಲ್ಲಲು ಬೇಕಾದ ಕನಿಷ್ಠ ಅರ್ಹತೆ ಮಾತ್ರ. ಶಕ್ತಿ, ಸಾಂದ್ರತೆ, ಎಲೆಕ್ಟ್ರಾನುಗಳ ಪಾಲು, ಕಾಂತಕ್ಷೇತ್ರದ ಪಾಲು, ಪಿ, ಜೆಟ್ಟಿನ ಕೋನ, ನೋಟದ ಕೋನ ಎಂದು ಏಳು ನಿಯತಾಂಕಗಳಿವೆ. ರೋಹಿತದ ಮೂರು ಮುರಿತಗಳು ಮತ್ತು ಒಂದು ಗರಿಷ್ಠ ಪ್ರಖರತೆ ಸಿಕ್ಕರೆ ಮೊದಲ ನಾಲ್ಕನ್ನು ಬಿಡಿಸಬಹುದು. ಆದರೆ ರೇಡಿಯೋ ಅಳತೆಯೇ ಇಲ್ಲದಿದ್ದರೆ ಹೀರಿಕೆಯ ಕಂಪನಾಂಕ ಸಿಗುವುದಿಲ್ಲ, ಆಗ ಸಾಂದ್ರತೆಯೂ ಕಾಂತಕ್ಷೇತ್ರದ ಪಾಲೂ ಒಂದು ಏರಿದರೆ ಇನ್ನೊಂದು ಇಳಿದು, ಹತ್ತರ ಹಲವು ಘಾತಗಳಷ್ಟು ಅಗಲದಲ್ಲಿ ಒಂದೇ ರೇಖೆಯನ್ನು ಕೊಡುತ್ತವೆ. ಕಾಂತಕ್ಷೇತ್ರದ ಪಾಲಿಗೆ ಬೇರೆ ಬೇರೆ ಸ್ಫೋಟಗಳಲ್ಲಿ ಲಕ್ಷದಲ್ಲೊಂದರಿಂದ ಹತ್ತರಲ್ಲೊಂದರವರೆಗೆ ಬೆಲೆಗಳು ಬಂದಿರುವುದಕ್ಕೆ ಇದೂ ಒಂದು ಕಾರಣ.

ಇನ್ನೂ ಆಳದ ತೊಡಕೊಂದಿದೆ. ಆಘಾತದಲ್ಲಿ ಎಲ್ಲ ಎಲೆಕ್ಟ್ರಾನುಗಳೂ ವೇಗೋತ್ಕರ್ಷಗೊಳ್ಳುತ್ತವೆ ಎಂದು ತಂತ್ರಾಂಶ ಸಾಮಾನ್ಯವಾಗಿ ಊಹಿಸುತ್ತದೆ. ಹತ್ತರಲ್ಲೊಂದು ಭಾಗ ಮಾತ್ರ ಹಾಗಾದರೆ, ಶಕ್ತಿ ಮತ್ತು ಸಾಂದ್ರತೆಗಳನ್ನು ಹತ್ತು ಪಟ್ಟು ಹೆಚ್ಚಿಸಿ, ಎರಡು ಪಾಲುಗಳನ್ನೂ ಹತ್ತು ಪಟ್ಟು ತಗ್ಗಿಸಿದರೆ ಕಾಣುವ ಉಳಿಬೆಳಕಿನಲ್ಲಿ ವ್ಯತ್ಯಾಸವೇ ಬರುವುದಿಲ್ಲ. ಐಕ್ಲರ್ ಮತ್ತು ವ್ಯಾಕ್ಸ್‌ಮನ್ 2005ರಲ್ಲಿ ಇದನ್ನು ತೋರಿಸಿಕೊಟ್ಟರು. ಎಷ್ಟೇ ದತ್ತಾಂಶ ಸೇರಿಸಿದರೂ ಸಾಮಾನ್ಯ ಉಳಿಬೆಳಕಿನಿಂದ ಈ ಗಂಟು ಬಿಚ್ಚುವುದಿಲ್ಲ. ಆದ್ದರಿಂದ ಶಕ್ತಿ ಇಷ್ಟು ಎಂದು ಬರೆಯುವಾಗ ಯಾವ ಊಹೆಯ ಮೇಲೆ ಎಂಬುದನ್ನೂ ಅದೇ ವಾಕ್ಯದಲ್ಲಿ ಬರೆಯಿರಿ.

ಎಂಸಿಎಂಸಿ ಕೊಟ್ಟ ಹಂಚಿಕೆಯ ಚಿತ್ರಗಳಲ್ಲಿ ಉದ್ದನೆಯ, ಓರೆಯಾದ, ಬಾಳೆಕಾಯಿ ಆಕಾರಗಳು ಕಂಡರೆ ಅವನ್ನು ಮುಚ್ಚಿಡಬೇಡಿ. ನಡುವಿನ ಒಂದು ಸಂಖ್ಯೆಯನ್ನು ಎತ್ತಿ ಕೋಷ್ಟಕದಲ್ಲಿ ಹಾಕುವುದಕ್ಕಿಂತ ಆ ಆಕಾರವೇ ಹೆಚ್ಚು ಸತ್ಯ ಹೇಳುತ್ತದೆ. ಎರಡು ಪಾಲುಗಳ ಮೊತ್ತ 1ನ್ನು ದಾಟಿದರೆ, ಪಿ ನೀವು ಕೊಟ್ಟ ಮಿತಿಯ ಗೋಡೆಗೆ ಹೋಗಿ ಅಂಟಿಕೊಂಡರೆ, ಮಾದರಿಯೇ ತಪ್ಪು ಜಾಗದಲ್ಲಿದೆ ಎಂಬ ಸೂಚನೆ ಅದು.

ದೋಷಮಿತಿಗಳನ್ನು ಹೇಗೆ ನೋಡಬೇಕು?

ಮೂಲ ಕಾಣಲಿಲ್ಲ ಎಂಬುದೂ ಅಳತೆಯೇ. ಇದಕ್ಕಿಂತ ಮಂಕಾಗಿತ್ತು ಎಂಬ ಮಿತಿಯನ್ನು ಲೆಕ್ಕದಿಂದ ಕೈಬಿಡಬಾರದು. ಬೇರೆ ಬೇರೆ ದೂರದರ್ಶಕಗಳ ಅಳತೆಗಳ ನಡುವೆ ಇರುವ ಸಣ್ಣ ಹೊಂದಾಣಿಕೆಯ ವ್ಯತ್ಯಾಸಕ್ಕೆ ಶೇಕಡ ಕೆಲವಷ್ಟು ಹೆಚ್ಚುವರಿ ದೋಷವನ್ನು ಸೇರಿಸುವುದು ವಾಡಿಕೆ. ರೇಡಿಯೋದಲ್ಲಿ ಮೊದಲ ದಿನಗಳ ಏರಿಳಿತಕ್ಕೆ ನಮ್ಮ ಆಕಾಶಗಂಗೆಯ ಅಯಾನೀಕೃತ ಅನಿಲ ಕಾರಣವಾಗಿರಬಹುದು; 1997ರ ಮೇ 8ರ ಸ್ಫೋಟದಲ್ಲಿ ಆ ಮಿಣುಕು ಕ್ರಮೇಣ ನಿಂತದ್ದರಿಂದಲೇ ಮೂಲವು ಹಿಗ್ಗುತ್ತಿದೆ ಎಂದು ತಿಳಿದದ್ದು.

ಈ ಮಾದರಿ ಎಲ್ಲಿ ಸಾಲದು?

2019ರ ಜನವರಿ 14ರ ಸ್ಫೋಟದಿಂದ ಲಾ ಪಾಲ್ಮಾ ದ್ವೀಪದ ಮ್ಯಾಜಿಕ್ ದೂರದರ್ಶಕಗಳು ಟೆರಾ ಎಲೆಕ್ಟ್ರಾನ್‌ವೋಲ್ಟ್ ಮಟ್ಟದ ಫೋಟಾನುಗಳನ್ನು ಕಂಡವು. ಸಿಂಕ್ರೊಟ್ರಾನ್ ವಿಕಿರಣ ಅಷ್ಟು ಎತ್ತರಕ್ಕೆ ಹೋಗಲಾರದು. ಅದೇ ಎಲೆಕ್ಟ್ರಾನುಗಳು ತಾವೇ ಸೂಸಿದ ಬೆಳಕಿಗೆ ಡಿಕ್ಕಿ ಹೊಡೆದು ಅದರ ಶಕ್ತಿಯನ್ನು ಏರಿಸುತ್ತವೆ ಎಂಬ ಲೆಕ್ಕವನ್ನು ಸೇರಿಸಬೇಕಾಯಿತು. 2022ರ ಅಕ್ಟೋಬರ್ 9ರ ಜಿಆರ್‌ಬಿ 221009ಎ ಇನ್ನೂ ದೊಡ್ಡ ಪರೀಕ್ಷೆ ಒಡ್ಡಿತು. ಕೆಂಪು ಪಲ್ಲಟ 0.151, ಅಂದರೆ ಸುಮಾರು 200 ಕೋಟಿ ವರ್ಷ ಪ್ರಯಾಣ ಮಾಡಿದ ಬೆಳಕು. ಈವರೆಗೆ ದಾಖಲಾದ ಅತ್ಯಂತ ಪ್ರಖರ ಸ್ಫೋಟ. ಚೀನಾದ ಲಾಸೋ ವೀಕ್ಷಣಾಲಯ ಅದರಿಂದ 0.2 ಟೆರಾ ಎಲೆಕ್ಟ್ರಾನ್‌ವೋಲ್ಟಿಗೂ ಮೇಲಿನ 64,000ಕ್ಕಿಂತ ಹೆಚ್ಚು ಫೋಟಾನುಗಳನ್ನು ಎಣಿಸಿ, ಮೊದಲ ನಿಮಿಷಗಳ ಮುರಿತದಿಂದ ಜೆಟ್ಟಿನ ತಿರುಳಿನ ಅರ್ಧಕೋನ ಒಂದು ಡಿಗ್ರಿಗೂ ಕಡಿಮೆ ಎಂದಿತು. ಆದರೆ ನಂತರದ ದಿನಗಳ ಕ್ಷ-ಕಿರಣದಲ್ಲಿ ನಿರೀಕ್ಷಿಸಿದ ಕಡಿದಾದ ಇಳಿಕೆ ಕಾಣಲಿಲ್ಲ. ಕಿರಿದಾದ ತಿರುಳಿನ ಸುತ್ತ ಅಗಲವಾದ, ದುರ್ಬಲವಾಗುತ್ತ ಹೋಗುವ ಅಂಚಿದ್ದರೆ ಎರಡನ್ನೂ ವಿವರಿಸಬಹುದು. ರೇಡಿಯೋ ಅಳತೆಗಳು ಅಷ್ಟಕ್ಕೂ ಪೂರ್ತಿ ಒಗ್ಗುತ್ತಿಲ್ಲ, ಅದರ ಮೇಲಿನ ಕೆಲಸ ನಡೆಯುತ್ತಲೇ ಇದೆ.

ನಮ್ಮ ಜಿಲ್ಲೆಯಿಂದಲೇ ಉಳಿಬೆಳಕನ್ನು ನೋಡಬಹುದೇ?

ಅಪರೂಪಕ್ಕೆ ನೋಡಬಹುದು. 2003ರ ಮಾರ್ಚ್ 29ರ ಸ್ಫೋಟದ ಬೆಳಕು ಮೊದಲ ಗಂಟೆಗಳಲ್ಲಿ 12-13ರ ಕಾಂತಿಮಾನದಲ್ಲಿತ್ತು, 2008ರ ಮಾರ್ಚ್ 19ರದ್ದು ಅರ್ಧ ನಿಮಿಷದಷ್ಟು ಹೊತ್ತು ಬರಿಗಣ್ಣಿಗೂ ಕಾಣುವಂತಿತ್ತು. ದಾವಣಗೆರೆ ನಗರದ ಬೆಳಕಿನಿಂದ ದೂರ, ಜೋಗಿಮಟ್ಟಿಯ ಆಚೆಗೋ ಮೊಳಕಾಲ್ಮೂರಿನ ಬಯಲಿಗೋ ಹೋದರೆ ಕ್ಯಾಮೆರಾ ಹೂಡಿದ ಸಣ್ಣ ದೂರದರ್ಶಕಕ್ಕೆ ಅಂಥ ಪ್ರಖರ ಉಳಿಬೆಳಕು ಸಿಕ್ಕೀತು. ಆದರೆ ಸಾಮಾನ್ಯವಾದವು ಕೆಲವು ಗಂಟೆಗಳಲ್ಲಿ 19-20ಕ್ಕೆ ಇಳಿಯುತ್ತವೆ, ಮಳೆಗಾಲದಲ್ಲಿ ನಮ್ಮ ಆಕಾಶವೂ ಸಹಕರಿಸುವುದಿಲ್ಲ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ, ಅಲ್ಲಿಯೇ ಇರುವ 0.7 ಮೀಟರಿನ ಗ್ರೋತ್-ಇಂಡಿಯಾ, ದೇವಸ್ಥಳದ 3.6 ಮೀಟರ್ ದೂರದರ್ಶಕ ಇವೆ. ಹಾನ್ಲೆಯ ಮೊದಲನೆಯದನ್ನು ನಡೆಸುವುದು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಲಡಾಖಿನ ಆಕಾಶವನ್ನು ನಮ್ಮ ಊರಿನಿಂದ ಅರ್ಧ ದಿನದ ಪ್ರಯಾಣದಷ್ಟು ದೂರದಲ್ಲಿ ಕೂತು ನೋಡುತ್ತಾರೆ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು.

ದತ್ತಾಂಶ ಎಲ್ಲಿ ಸಿಗುತ್ತದೆ? ಯಾವ ಸ್ಫೋಟದಿಂದ ಆರಂಭಿಸಲಿ?

ಸ್ವಿಫ್ಟಿನ ಕ್ಷ-ಕಿರಣ ವಕ್ರರೇಖೆಗಳನ್ನು ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ದತ್ತಾಂಶ ಕೇಂದ್ರ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ಕಾಲ, ಕಾಲದ ಮಿತಿಗಳು, ಪ್ರಖರತೆ, ಅದರ ದೋಷ ಎಂಬ ಅಂಕಣಗಳ ಸರಳ ಪಠ್ಯ ಫೈಲುಗಳು ಅವು. ದೃಗ್ಗೋಚರ ಅಳತೆಗಳು ಜಿಸಿಎನ್ ಎಂಬ, ವೀಕ್ಷಕರು ಸ್ಫೋಟಗಳ ಸುದ್ದಿ ಹಂಚಿಕೊಳ್ಳುವ ಜಾಲದ ಸುತ್ತೋಲೆಗಳಲ್ಲಿ ಚದುರಿಕೊಂಡಿರುತ್ತವೆ. ಅವು ವೀಕ್ಷಕರು ಅವಸರದಲ್ಲಿ ಕಳಿಸಿದ ಮೊದಲ ಅಂದಾಜುಗಳಾದ್ದರಿಂದ, ಯಾವ ನಕ್ಷತ್ರಪಟ್ಟಿಗೆ ಹೋಲಿಸಿದ್ದಾರೆ, ಧೂಳಿಗೆ ತಿದ್ದಿದ್ದಾರೆಯೇ ಇಲ್ಲವೇ ಎಂಬುದನ್ನು ಪ್ರತಿಯೊಂದರಲ್ಲೂ ಓದಿ ಗುರುತು ಹಾಕಿಕೊಳ್ಳಬೇಕು. ಈ ಕೆಲಸಕ್ಕೆ ಮಾದರಿಗಿಂತ ಹೆಚ್ಚು ದಿನ ಹಿಡಿದರೂ ಬೇಸರಪಡಬೇಡಿ.

ಮೊದಲ ಅಭ್ಯಾಸಕ್ಕೆ ಜ್ವಾಲೆಗಳಿಲ್ಲದ, ಕೆಂಪು ಪಲ್ಲಟ ಗೊತ್ತಿರುವ, ಕನಿಷ್ಠ ಮೂರು ಫಿಲ್ಟರುಗಳ ಅಳತೆಯಿರುವ ಸ್ಫೋಟವನ್ನು ಆರಿಸಿ. ದೀರ್ಘ ಸ್ಫೋಟವು ಹತ್ತಿರದ್ದಾಗಿದ್ದರೆ ಒಂದೆರಡು ವಾರಗಳ ನಂತರ ಸೂಪರ್‌ನೋವಾದ ಉಬ್ಬು ಕಾಣಿಸಿಕೊಳ್ಳುತ್ತದೆ, ಆ ಬಿಂದುಗಳನ್ನು ಆಘಾತ ತರಂಗದ ಲೆಕ್ಕಕ್ಕೆ ಸೇರಿಸಬಾರದು. ಓರೆ ನೋಟದ ಜೆಟ್ಟಿನಲ್ಲಿ ಆಸಕ್ತಿಯಿದ್ದರೆ 2017ರ ಆಗಸ್ಟ್ 17ರದ್ದನ್ನೇ ತೆಗೆದುಕೊಳ್ಳಿ: ರೇಡಿಯೋ, ದೃಗ್ಗೋಚರ, ಕ್ಷ-ಕಿರಣ ಮೂರರ ಅಳತೆಗಳನ್ನೂ ಒಂದೇ ಕ್ರಮದಲ್ಲಿ ತಿದ್ದಿ ಜೋಡಿಸಿದ ಪಟ್ಟಿ ಸಂಶೋಧಕರಿಂದ ಪ್ರಕಟವಾಗಿದೆ, ಮತ್ತು ಆಫ್ಟರ್‌ಗ್ಲೋಪೈ ಅದರ ಮೇಲೆ ನೇರವಾಗಿ ಓಡುತ್ತದೆ. ನೋಟದ ಕೋನವನ್ನು ಮೊದಲು ಬೆಳಕಿನ ವಕ್ರರೇಖೆಯಿಂದ ಮಾತ್ರ ಹುಡುಕಿ. ಆಮೇಲೆ ರೇಡಿಯೋ ಮೂಲದ ಚಲನೆಯನ್ನು ಸೇರಿಸಿದಾಗ ಆ ಕೋನದ ಹಂಚಿಕೆ ಎಷ್ಟು ಕಿರಿದಾಗುತ್ತದೆ ಎಂದು ಎರಡನ್ನೂ ಒಂದೇ ನಕ್ಷೆಯ ಮೇಲೆ ಬಿಡಿಸಿ ನೋಡಿ.